ನೆಂಟರ ಮನೆ ಡಬ್ಬದಲ್ಲಿ ನಮ್ಮ ಹೊಲದ ಹಳೇ ಮಾಲು

ಯುಗಾದಿಗೆ ಇನ್ನೊಂದು ವಾರ ಇದೆ ಅನ್ನೋವಾಗ ಜಾಲಹಳ್ಳಿಯಲ್ಲಿರೋ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಸುಣ್ಣ-ಬಣ್ಣಕ್ಕೆ ಅಂತ ಅಡುಗೆಮನೆ ಖಾಲಿ ಮಾಡ್ತಿದ್ರು. ಸ್ಟೂಲ್ ಹತ್ತಿ ಮೇಲಿನ ಕಪಾಟಿನಿಂದ ಡಬ್ಬ ಇಳಿಸೋ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಸಿಕ್ಕಿದ್ದು 2014ರ ಗರಂ ಮಸಾಲೆ ಪ್ಯಾಕೆಟ್, ಸುತ್ತಿದ್ದ ರಬ್ಬರ್ ಬ್ಯಾಂಡ್ ಕರಗಿ ಅದಕ್ಕೇ ಅಂಟಿಕೊಂಡಿತ್ತು. ಆಮೇಲೆ ಕಲ್ಲಾಗಿ ಹೋದ ಇಂಗು. ಹಾರ್ಲಿಕ್ಸ್ ಬಾಟಲಿಯಲ್ಲಿ ಧನಿಯಾ ಪುಡಿ, ಮೂಸಿ ನೋಡಿದರೆ ಮರದ ಹೊಟ್ಟಿನ ವಾಸನೆ. ಐದು ಕೆಜಿ ಡಬ್ಬದ ತಳದಲ್ಲಿ ಅಲಸಂದೆ, ಒಂದೊಂದು ಕಾಳಿಗೂ ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ತೂತು. ಕೊನೆಗೆ ಒಂದು ಸ್ಟೀಲ್ ಡಬ್ಬದಲ್ಲಿ ಕಡ್ಲೆಬೀಜ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಂಗಡಿಯ ಮಾಲಲ್ಲ, ಊರಿಂದ ಹೋಗಿದ್ದು. ಅಂದರೆ ನಮ್ಮಂಥೋರು ಬೆಳೆದು, ಒಣಗಿಸಿ, ಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿದ್ದು. ಹಾಗಾಗಿ ಈ ವಾರ ಗಿಡದ ರೋಗ, ಗೊಬ್ಬರ ಬಿಟ್ಟು ಈ ಡಬ್ಬಗಳ ಬಗ್ಗೆ ಬರೀತಿದ್ದೀನಿ. ಕಣದಲ್ಲಿ ನಾವು ಬಿಟ್ಟ ಕೆಲಸ ಕೊನೆಗೆ ಕಾಣಿಸಿಕೊಳ್ಳೋದು ಅಲ್ಲೇ.

ಜಾಲಹಳ್ಳಿಯಂಥ ಕಡೆ ಇದು ಯಾಕೆ ಹೆಚ್ಚು ಅನ್ನೋದಕ್ಕೂ ಕಾರಣ ಇದೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಇಲ್ಲಿ ಶುರುವಾದ ಮೇಲೆ, ಪಕ್ಕದಲ್ಲಿ ಪೀಣ್ಯ ಬೆಳೆದ ಮೇಲೆ, ತುಮಕೂರು, ಮಾಗಡಿ, ಮಂಡ್ಯ, ಹಾಸನ ಕಡೆಯಿಂದ ಕೆಲಸಕ್ಕೆ ಬಂದು ನೆಲೆನಿಂತ ಮನೆಗಳು ಸಾವಿರಾರು. ಊರಲ್ಲಿ ಅಣ್ಣತಮ್ಮಂದಿರು ಹೊಲ ನೋಡಿಕೊಂಡರು, ವರ್ಷಕ್ಕೊಂದು ಸಲ ರಾಗಿ, ಕಾಳು, ಹುಣಸೆಹಣ್ಣು, ಮೆಣಸಿನಕಾಯಿ ಕಳಿಸಿದರು. ಆಗ ಮನೆಯಲ್ಲಿ ಎಂಟು ಜನ ಇದ್ದರು. ಈಗ ಮಕ್ಕಳು ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗಿ ಫೋನಲ್ಲಿ ದಿನಸಿ ತರಿಸಿಕೊಳ್ತಾರೆ. ಹಳೇ ಮನೆಯಲ್ಲಿ ಉಳಿದಿರೋದು ಇಬ್ಬರು. ಊರಿಂದ ಬರೋ ಚೀಲ ಮಾತ್ರ ಎಂಟು ಜನದ ಲೆಕ್ಕದ್ದೇ.

ಬಿಸಾಡೋಕೆ ಅವರಿಗೆ ಮನಸ್ಸು ಬರಲ್ಲ ಅನ್ನೋದನ್ನ ನಗಬೇಡಿ. 1960ರ ದಶಕದ ಬರ, ರೇಷನ್ ಅಂಗಡಿ ಸಾಲು, ಅಮೆರಿಕದಿಂದ ಬಂದ ಗೋಧಿ ತಿಂದು ಬೆಳೆದ ತಲೆಮಾರು ಅದು. ಒಂದು ಹಿಡಿ ಕಾಳು ಚೆಲ್ಲೋದು ಅವರ ಕಣ್ಣಲ್ಲಿ ಪಾಪ. ಅವರ ಮುಂದೆ ಡಬ್ಬ ತೆಗೆದು ಸೀದಾ ಕಸದ ಬುಟ್ಟಿಗೆ ಸುರಿದರೆ ಮುಂದಿನ ಸಲ ಕಪಾಟನ್ನೇ ಮುಟ್ಟಿಸಲ್ಲ. ಯಾವುದು ಪರವಾಗಿಲ್ಲ, ಯಾವುದು ಬೇಡವೇ ಬೇಡ ಅಂತ ಕಾರಣ ಹೇಳಿ ಬೇರೆ ಮಾಡಿದರೆ ಕೇಳ್ತಾರೆ.

ಹಳೇದೆಲ್ಲ ಕೆಟ್ಟದ್ದಲ್ಲ

ಪ್ಯಾಕೆಟ್ ಮೇಲೆ ಎರಡು ಥರದ ದಿನಾಂಕ ಇರುತ್ತೆ. ‘ಬೆಸ್ಟ್ ಬಿಫೋರ್’ ಅಂದರೆ ಅಲ್ಲಿವರೆಗೆ ರುಚಿ, ವಾಸನೆ, ಬಣ್ಣ ಚೆನ್ನಾಗಿರುತ್ತೆ ಅಂತ ತಯಾರಿಸಿದವರ ಮಾತು. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಅಂದರೆ ಅದಾದ ಮೇಲೆ ಮಾರೋ ಹಾಗಿಲ್ಲ, ತಿನ್ನೋದೂ ಬೇಡ ಅಂತ. ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದಲ್ಲಿ ಎರಡನೆಯದನ್ನ ಕಡ್ಡಾಯ ಮಾಡಿದ್ದಾರೆ, ಮೊದಲನೆಯದು ಬೇಕಿದ್ದರೆ ಹಾಕಬಹುದು. ಹಳೇ ಪ್ಯಾಕೆಟ್‌ಗಳಲ್ಲಿ ಹೆಚ್ಚಾಗಿ ‘ಬೆಸ್ಟ್ ಬಿಫೋರ್’ ಮಾತ್ರ ಕಾಣುತ್ತೆ. ಊರಿಂದ ಬಂದ ಚೀಲದ ಮೇಲೆ ಎರಡೂ ಇರಲ್ಲ. ಅಲ್ಲಿ ಕಣ್ಣು, ಮೂಗು, ಕೈ ಇಷ್ಟೇ ಗತಿ.

ಒಳ್ಳೇ ಸುದ್ದಿ ಮೊದಲು. ಉಪ್ಪಿಗೆ ಆಯಸ್ಸು ಅಂತ ಇಲ್ಲ. ಸರಿಯಾಗಿ ಬಲಿತ, ನೀರಿನಂಶ ಶೇ. 20ಕ್ಕಿಂತ ಕಡಿಮೆ ಇರೋ ಜೇನುತುಪ್ಪ ಗಟ್ಟಿಯಾದರೂ ಕೆಟ್ಟಿದೆ ಅಂತಲ್ಲ, ಬಿಸಿನೀರಲ್ಲಿ ಬಾಟಲಿ ಇಟ್ಟರೆ ಕರಗುತ್ತೆ. ಹುಣಸೆಹಣ್ಣು ಕಪ್ಪಾಗುತ್ತೆ ಅಷ್ಟೇ, ಬೂಷ್ಟು ಹುಳ ಇಲ್ಲದಿದ್ದರೆ ಬಳಸಬಹುದು. ಅಕ್ಕಿ ಒಂದೆರಡು ವರ್ಷ ಹಳೇದಾದರೆ ಅನ್ನ ಉದುರುದುರಾಗಿ ಇನ್ನೂ ಚೆನ್ನಾಗಾಗುತ್ತೆ, ಅದಕ್ಕೇ ಹಳೇ ಅಕ್ಕಿಗೆ ರೇಟು ಜಾಸ್ತಿ. ರಾಗಿ ಅಂತೂ ಕೇಳಲೇಬೇಡಿ. ನಮ್ಮ ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ಬರಗಾಲ ದಾಟಿದರು. ಕಾಳು ಸಣ್ಣದು, ಗಟ್ಟಿ, ಕೊಬ್ಬು ಕಡಿಮೆ, ಹಾಗಾಗಿ ಹುಳಕ್ಕೂ ಬೇಗ ಬಗ್ಗಲ್ಲ. ಆದರೆ ಈ ಹೊಗಳಿಕೆ ಇಡೀ ರಾಗಿಗೆ ಮಾತ್ರ. ಹಿಟ್ಟು ಮಾಡಿಸಿದ ಕ್ಷಣ ಒಳಗಿನ ಕೊಬ್ಬಿಗೆ ಗಾಳಿ ತಾಗುತ್ತೆ, ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಶುರುವಾಗುತ್ತೆ. ಸಜ್ಜೆ ಹಿಟ್ಟಿಗೆ ಅಷ್ಟು ದಿನವೂ ಬೇಡ.

ಸಾಂಬಾರ ಪದಾರ್ಥದಲ್ಲೂ ಇದೇ ಸೂತ್ರ. ಧನಿಯಾ, ಜೀರಿಗೆ, ಕಾಳುಮೆಣಸು, ಲವಂಗದ ಪರಿಮಳ ಇರೋದು ಬೇಗ ಹಾರಿಹೋಗೋ ಎಣ್ಣೆಯಲ್ಲಿ. ಇಡಿಯಾಗಿದ್ದಾಗ ಆ ಎಣ್ಣೆ ಕಾಳಿನ ಒಳಗೆ ಭದ್ರ, ಪುಡಿ ಮಾಡಿದರೆ ಕೆಲವೇ ತಿಂಗಳಲ್ಲಿ ಗಾಳಿಪಾಲು. ದೊಡ್ಡಮ್ಮನ ಧನಿಯಾ ಪುಡಿ ಸತ್ತಿತ್ತು, ವಿಷ ಆಗಿರಲಿಲ್ಲ. ಸಾರಿಗೆ ಹಾಕಿದರೆ ಬರೀ ಗಸಿ.

ಖಾರದ ಪುಡಿಯ ಕಥೆ ಸ್ವಲ್ಪ ಬೇರೆ, ಮೆಣಸಿನಕಾಯಿ ಬೆಳೆಯೋರು ಇದನ್ನ ಗಮನಿಸಿ. ಕೆಂಪು ಬಣ್ಣ ಕೊಡೋ ಅಂಶ ಬೆಳಕು, ಬಿಸಿ, ಗಾಳಿಗೆ ಬೇಗ ಮಾಸುತ್ತೆ. ಖಾರ ಕೊಡೋ ಕ್ಯಾಪ್ಸೈಸಿನ್ ಅಷ್ಟು ಬೇಗ ಹೋಗಲ್ಲ. ಅದಕ್ಕೇ ಹಳೇ ಖಾರದ ಪುಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೂ ನಾಲಿಗೆಗೆ ಹಾಕಿದರೆ ಉರಿ ಹಾಗೇ ಇರುತ್ತೆ. ಬ್ಯಾಡಗಿಗೆ ಬೆಲೆ ಬರೋದೇ ಬಣ್ಣಕ್ಕೆ, ಖಾರಕ್ಕಲ್ಲ. ಬ್ಯಾಡಗಿ ಮಾರುಕಟ್ಟೆ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇರೋದು ಯಾಕೆ ಅಂತ ಈಗ ಅರ್ಥ ಆಯ್ತಲ್ಲ. ಪಾರದರ್ಶಕ ಪ್ಯಾಕೆಟ್‌ನಲ್ಲಿ ಖಾರದ ಪುಡಿ ತುಂಬಿ ಸಂತೆಯ ಬಿಸಿಲಲ್ಲಿ ಇಡೋದು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತೆ. ಅರಿಶಿನವೂ ಬೆಳಕಿಗೆ ಬಣ್ಣ ಕಳ್ಕೊಳ್ಳುತ್ತೆ.

ಬೇಡವೇ ಬೇಡ ಅನ್ನೋದು

ಈಗ ಆ ಕಡ್ಲೆಬೀಜ. ಡಬ್ಬ ತೆಗೆದಾಗ ಮುಗ್ಗಲು ವಾಸನೆ. ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದೆ. ಮೇಲಿಂದ ಹಿಡಿದರೆ ಏನೂ ಕಾಣಲ್ಲ, ಓರೆಯಾಗಿ ಹಿಡಿದರೆ ಬಲೆ, ಧೂಳು, ಬೂಷ್ಟು ಎಲ್ಲ ಎದ್ದು ಕಾಣುತ್ತೆ. ಅಲ್ಲೊಂದು ಇಲ್ಲೊಂದು ಬೀಜದ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿ. ಸುಕ್ಕುಗಟ್ಟಿದ ಬೀಜಗಳೂ ಇದ್ದವು. ದೊಡ್ಡಮ್ಮ ಹೇಳಿದ್ದು ಎಲ್ಲರ ಮನೆಯ ಮಾತೇ: “ಏನಾಗಲ್ಲ ಬಿಡೋ, ಒಂದು ಬಿಸಿಲು ಕಾಣಿಸಿ ಹುರಿದರೆ ಸರಿಹೋಗುತ್ತೆ. ಚಟ್ನಿಪುಡಿ ಮಾಡಿ ನಿಮ್ಮಣ್ಣನ ಮನೆಗೂ ಕಳಿಸ್ತೀನಿ.”

ಸರಿಹೋಗಲ್ಲ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದರೆ ಇದನ್ನೇ ಇಟ್ಕೊಳ್ಳಿ. ಆ ಬಣ್ಣದ ಬೂಷ್ಟು ಹೆಚ್ಚಾಗಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಶಿಲೀಂಧ್ರ. ಅದು ಬೆಳೆಯುತ್ತಾ ಅಫ್ಲಟಾಕ್ಸಿನ್ ಅನ್ನೋ ವಿಷ ಬಿಡಬಲ್ಲದು. ಬಿಸಿಲು ಕಾಳನ್ನ ಒಣಗಿಸುತ್ತೆ, ಹುಳ ಓಡಿಸುತ್ತೆ, ಹೊಸ ಬೂಷ್ಟು ಬೆಳೆಯೋದನ್ನ ತಡೆಯುತ್ತೆ. ಆಗಲೇ ಒಳಗೆ ಸೇರಿರೋ ವಿಷವನ್ನ ನಂಬೋ ಹಾಗೆ ತೆಗೆಯಲ್ಲ. ಮನೆಯಲ್ಲಿ ಬೇಯಿಸೋದು, ಹುರಿಯೋದರಿಂದಲೂ ಅದು ಪೂರ್ತಿ ಹೋಗಲ್ಲ. ಬೂಷ್ಟು ಒರೆಸಿದರೆ ಬಣ್ಣ ಹೋಗುತ್ತೆ, ವಿಷ ಉಳಿಯುತ್ತೆ. ಇನ್ನೊಂದು ಕಷ್ಟ ಅಂದರೆ ಇದಕ್ಕೆ ರುಚಿ ವಾಸನೆ ಇಲ್ಲ. ಮುಗ್ಗಲು ವಾಸನೆ ಬೂಷ್ಟಿನದ್ದು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸಾಲಾಗಿ ಸತ್ತವು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡ್ಲೆಹಿಂಡಿ, ಈ ವಿಷ ಗೊತ್ತಾಗಿದ್ದೇ ಹಾಗೆ. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ, ಗುಜರಾತ್‌ನ ಬುಡಕಟ್ಟು ಹಳ್ಳಿಗಳಲ್ಲಿ, ಮಳೆಗೆ ಸಿಕ್ಕಿ ಬೂಷ್ಟು ಬಂದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಿಗೆ ತಿನ್ನೋಕೆ ಬೇರೆ ಇರಲಿಲ್ಲ. ಒಂದೇ ಸಲ ಅಷ್ಟು ಪ್ರಮಾಣ ಹೊಟ್ಟೆಗೆ ಹೋಗೋದು ಅಪರೂಪ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೋದರೆ ಪಿತ್ತಜನಕಾಂಗದ ಕ್ಯಾನ್ಸರ್‌ಗೆ ದಾರಿ, ಹೆಪಟೈಟಿಸ್ ಬಿ ಇರೋರಿಗೆ ಅಪಾಯ ಇನ್ನೂ ಜಾಸ್ತಿ. ಕಡ್ಲೆಬೀಜ, ಮೆಕ್ಕೆಜೋಳ, ಒಣಮೆಣಸಿನಕಾಯಿ, ಕೊಬ್ಬರಿ, ಈ ನಾಲ್ಕರಲ್ಲಿ ಬೂಷ್ಟು ಕಂಡರೆ ಆ ಡಬ್ಬದ ಜೊತೆ ವಾದ ಬೇಡ. ಕಾಣೋ ಬೀಜ ಆರಿಸಿ ಉಳಿದದ್ದು ಬಳಸ್ತೀನಿ ಅನ್ನೋದೂ ಬೇಡ.

ಮೆಣಸಿನಕಾಯಿಯಲ್ಲಿ ಹೊರಗೆ ನುಣ್ಣಗೆ ಕೆಂಪಗಿದ್ದು ಒಳಗೆ ಬೂದು ಬಣ್ಣದ ಬೂಷ್ಟು ಇರಬಹುದು. ಎರಡು ಮೂರು ಮುರಿದು ನೋಡಿ. ಪುಡಿ ಮಾಡಿಸಿದ ಮೇಲೆ ಯಾರಿಗೂ ಕಾಣಲ್ಲ. ನಮ್ಮಲ್ಲಿ ಸಾಂಬಾರ ಪದಾರ್ಥಕ್ಕೆ ಅಫ್ಲಟಾಕ್ಸಿನ್ ಮಿತಿ ಕೆಜಿಗೆ 30 ಮೈಕ್ರೋಗ್ರಾಂ, ಯುರೋಪಿಯನ್ ಒಕ್ಕೂಟದಲ್ಲಿ 10.

“ಹಾಗಾದರೆ ಹಸುಗೆ ಹಾಕೋಣ” ಅನ್ನೋ ಮಾತು ಮುಂದೆ ಬರುತ್ತೆ. ಜಾಲಹಳ್ಳಿಯಿಂದ ಊರಿಗೆ ವಾಪಸ್ ಚೀಲ ಬರೋದೂ ಉಂಟು. ಹಾಕಬೇಡಿ. ಹಸು ತಿಂದ ವಿಷದ ಒಂದು ಪಾಲು ರೂಪ ಬದಲಾಯಿಸಿ ಹಾಲಿಗೆ ಬರುತ್ತೆ. ಆ ಹಾಲು ಕುಡಿಯೋದು ನಮ್ಮ ಮಕ್ಕಳೇ. ಕೋಳಿ, ಅದರಲ್ಲೂ ಬಾತುಕೋಳಿ, ಇದನ್ನ ತಡಕೊಳ್ಳೋದೇ ಇಲ್ಲ.

ಹುಳ ಬಿದ್ದಿದ್ದಕ್ಕೆ ಇಷ್ಟು ಹೆದರಬೇಕಿಲ್ಲ, ಆದರೆ ಅಲ್ಲೊಂದು ಪಾಠ ಇದೆ. ಅಲಸಂದೆ, ಅವರೆ, ಹೆಸರು ಕಾಳಿನ ತೂತು ಮಾಡೋ ಕಾಳುದುಂಬಿ ಎಷ್ಟೋ ಸಲ ಡಬ್ಬದಲ್ಲಿ ಹುಟ್ಟಿದ್ದಲ್ಲ. ಗಿಡದಲ್ಲಿ ಕಾಯಿ ಒಣಗೋವಾಗಲೇ ಮೊಟ್ಟೆ ಇಟ್ಟಿರುತ್ತೆ. ನೋಡೋಕೆ ಶುದ್ಧವಾಗಿರೋ ಕಾಳು ನೀವು ಕಳಿಸ್ತೀರಿ, ತಿಂಗಳಲ್ಲಿ ನೆಂಟರ ಮನೆಯಲ್ಲಿ ದುಂಬಿ ಹಾರಾಡುತ್ತೆ, ಬೈಗುಳ ನಿಮಗೆ. ಕಾಯಿ ಒಣಗಿದ ತಕ್ಷಣ ಕೊಯ್ದು, ಚೆನ್ನಾಗಿ ಒಣಗಿಸಿ, ಅಡುಗೆ ಕಾಳಿಗೆ ಕೆಜಿಗೆ 5 ಮಿಲಿಯಷ್ಟು ಹರಳೆಣ್ಣೆ ಸವರಿದರೆ ದುಂಬಿಗೆ ಮೊಟ್ಟೆ ಅಂಟಿಸೋಕಾಗಲ್ಲ. ನಮ್ಮ ಅಜ್ಜಿಯರು ಕೆಮ್ಮಣ್ಣು ಕಟ್ಟಿದ್ದು, ಬೂದಿ ಬೆರೆಸಿದ್ದು ಇದಕ್ಕೇ. ಪಟ್ಟಣದ ಮನೆಯಲ್ಲಿ ಫ್ರೀಜರ್ ಇದ್ದರೆ ಕಾಳಿನ ಪ್ಯಾಕೆಟನ್ನ ನಾಲ್ಕೈದು ದಿನ ಅದರಲ್ಲಿಟ್ಟು ತೆಗೆಯೋದು ಸುಲಭ, ಮೊಟ್ಟೆಯೂ ಸಾಯುತ್ತೆ. ಹಿಟ್ಟಲ್ಲಿ ಕೆಂಪು ದುಂಬಿ ಬಿದ್ದು ಘಾಟು ವಾಸನೆ ಬಂದಿದ್ದರೆ ಜರಡಿ ಹಿಡಿದು ಉಳಿಸೋ ಪ್ರಯತ್ನ ಬೇಡ.

ಕಾಳಿಗೆ ಹಾಕೋ ಗುಳಿಗೆ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗೋದಾಮಿನಲ್ಲಿ ತರಬೇತಿ ಇರೋರು ಬಳಸಬೇಕಾದ್ದು. ಅದನ್ನ ಬಟ್ಟೆಯಲ್ಲಿ ಕಟ್ಟಿ ರಾಗಿ ಚೀಲದೊಳಗೆ ಹಾಕಿ ಬೆಂಗಳೂರಿಗೆ ಕಳಿಸೋ ಅಭ್ಯಾಸ ಇನ್ನೂ ಕೆಲವರಲ್ಲಿದೆ. ಅದರಿಂದ ಬರೋ ಫಾಸ್ಫಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನ ಕೊಲ್ಲುತ್ತೆ. ಯಾರ ಮನೆಯ ಚೀಲದಲ್ಲಾದರೂ ಅಂಥದ್ದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ನೀರು ಹಾಕಲೇಬೇಡಿ, ನೀರು ತಾಗಿದರೆ ಅನಿಲ ಇನ್ನೂ ಜೋರಾಗಿ ಬರುತ್ತೆ. ಎಲ್ಲರನ್ನೂ ಹೊರಗೆ ಕರಕೊಂಡು ಹೋಗಿ, ಹೋಗೋ ದಾರಿಯಲ್ಲೇ ಕಿಟಕಿ ಬಾಗಿಲು ತೆರೆಯೋಕಾದರೆ ತೆರೀರಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ವಾಂತಿ, ತಲೆಸುತ್ತು, ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಿ ಗುಳಿಗೆಯ ಹೆಸರನ್ನೇ ಹೇಳಿ.

ಬಿಸಾಡಿದ್ದು ಎಲ್ಲಿ ಹೋಗಬೇಕು

ವಾಸನೆ ಹೋದ ಪುಡಿಗಳು, ಹುಳ ತಿಂದ ಕಾಳು ಕಾಂಪೋಸ್ಟಿಗೆ ಹೋಗಲಿ. ಬೂಷ್ಟು ಬಂದಿದ್ದನ್ನ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಧೂಳು ಉಸಿರಿಗೆ ಹೋಗಬಾರದು. ಆಮೇಲೆ ಗುಂಡಿಯ ನಡುಮಧ್ಯ, ಬಿಸಿ ಏಳೋ ಜಾಗದಲ್ಲಿ ಸಗಣಿ ಮುಚ್ಚಿ ಹೂಳಿ, ಕೋಳಿ ಕೆದಕೋ ಹಾಗಿರಬಾರದು. ಉಪ್ಪಿನಕಾಯಿ ಮಾತ್ರ ಗೊಬ್ಬರದ ಗುಂಡಿಗೆ ಬೇಡ, ಅದರ ಉಪ್ಪು, ಎಣ್ಣೆ ಎರಡೂ ಎರೆಹುಳಕ್ಕೆ ಆಗಲ್ಲ. ಹಳೇ ಖಾರದ ಪುಡಿಯನ್ನ ಸಿಂಪರಣೆಗೆ ಬಳಸಬಹುದಾ ಅಂತ ಕೇಳ್ತಾರೆ. ಖಾರ ಉಳಿದಿರೋದರಿಂದ ಬೆಳ್ಳುಳ್ಳಿ ಜೊತೆ ನೆನೆಸಿ ಸೋಸಿ ಮೆತ್ತಗಿನ ಹುಳಗಳಿಗೆ ಹೊಡೆದು ನೋಡಬಹುದು, ಮೊದಲು ಎರಡು ಗಿಡಕ್ಕೆ ಮಾತ್ರ. ಪವಾಡ ನಿರೀಕ್ಷೆ ಮಾಡಬೇಡಿ. ಬೂಷ್ಟು ಬಂದ ಪುಡಿ ಇದಕ್ಕೂ ಬೇಡ.

ಕಳಿಸೋರ, ಮಾರೋರ ಕಡೆಯ ಕೆಲಸ

ಬೆಂಗಳೂರಿನ ಮಳೆಗಾಲದಲ್ಲಿ, ಜೂನ್‌ನಿಂದ ಅಕ್ಟೋಬರ್‌ವರೆಗೆ, ಗಾಳಿಯಲ್ಲೇ ತೇವ. ಅರೆಬರೆ ಒಣಗಿದ ಮಾಲು ಆ ಅಡುಗೆಮನೆಗೆ ಹೋದರೆ ಮುಗೀತು. ಮೆಣಸಿನಕಾಯಿ ತೇವಾಂಶ ಶೇ. 11ಕ್ಕಿಂತ, ಧನಿಯಾ ಶೇ. 9ಕ್ಕಿಂತ, ರಾಗಿ ಮತ್ತು ಅರಿಶಿನ ಶೇ. 12ಕ್ಕಿಂತ, ಸುಲಿದ ಕಡ್ಲೆಬೀಜ ಶೇ. 7-8ಕ್ಕಿಂತ ಮೇಲೆ ಇರಬಾರದು. ಮಾಯಿಶ್ಚರ್ ಮೀಟರ್ ಒಬ್ಬೊಬ್ಬರಿಗೂ ಬೇಕಿಲ್ಲ, ಎಫ್‌ಪಿಒ ಅಥವಾ ಸ್ವಸಹಾಯ ಗುಂಪಿಗೆ ಒಂದಿದ್ದರೆ ಸಾಕು. ಇಲ್ಲದಿದ್ದರೆ ಹಳೇ ಪರೀಕ್ಷೆಗಳಿವೆ: ಬೇಯಿಸಿ ಒಣಗಿಸಿದ ಅರಿಶಿನದ ಕೊಂಬು ಮುರಿದರೆ ಲೋಹದ ಥರ ಟಣ್ ಅನ್ನಬೇಕು. ಮೆಣಸಿನಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಕಡ್ಲೆಬೀಜವನ್ನ ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಬಿಡಬೇಕು.

ಮಣ್ಣಿನ ಮೇಲೆ ಹರವೋದು ಬಿಡಿ. ಆ ಶಿಲೀಂಧ್ರ ಇರೋದೇ ಮಣ್ಣಲ್ಲಿ. ಟಾರ್ಪಾಲ್ ಮೇಲೆ ತೆಳ್ಳಗೆ ಹರವಿ, ಸಂಜೆ ಇಬ್ಬನಿ ಬೀಳೋ ಮುಂಚೆ ಗುಡ್ಡೆ ಮಾಡಿ ಮುಚ್ಚಿ. ಕಡ್ಲೆಕಾಯಿ ಕೀಳೋವಾಗ ಗುದ್ದಲಿ ತಾಗಿ ಒಡೆದ ಕಾಯಿಗಳನ್ನ ಬೇರೆ ಹಾಕಿ, ಬೂಷ್ಟು ಮೊದಲು ನುಗ್ಗೋದು ಅಲ್ಲಿಂದ. ಬಿಸಿಬಿಸಿ ಇರೋವಾಗ ಡಬ್ಬಕ್ಕೆ ತುಂಬಬೇಡಿ, ಒಳಗೆ ಬೆವರುತ್ತೆ.

ಇನ್ನು ದಿನಾಂಕ. ಪ್ಯಾಕೆಟ್ ಮೇಲೆ ಅಂಟಿಸಿದ ಲೇಬಲ್ ಜಾಲಹಳ್ಳಿಯ ಅಡುಗೆಮನೆಯಲ್ಲಿ ಒಂದು ದಿನವೂ ಉಳಿಯಲ್ಲ. ಕತ್ತರಿಸಿ ಬಾಟಲಿಗೆ ಸುರಿದ ತಕ್ಷಣ ಅದು ಕಸ. ನಾನು ನನ್ನ ಗಿರಾಕಿಗಳಿಗೆ ಕಳಿಸೋ ಪ್ರತಿ ಪ್ಯಾಕೆಟ್ಟಿನ ಜೊತೆ ಪುಟ್ಟ ಸ್ಟಿಕರ್ ಒಂದನ್ನ ಬೇರೆಯಾಗಿ ಇಡ್ತೀನಿ: ಬೆಳೆಯ ಹೆಸರು, ಕೊಯ್ದ ತಿಂಗಳು, ಪುಡಿ ಮಾಡಿಸಿದ ತಿಂಗಳು, ಯಾವಾಗಿನ ಒಳಗೆ ಮುಗಿಸಬೇಕು. ಸುರಿದ ಬಾಟಲಿಗೇ ಅಂಟಿಸಿಕೊಳ್ಳಲಿ ಅಂತ. ದಪ್ಪ ಅಕ್ಷರ, ಕನ್ನಡದಲ್ಲಿ, ಅರವತ್ತು ದಾಟಿದ ಕಣ್ಣಿಗೂ ಕಾಣಬೇಕು. ಪುಡಿಗಳನ್ನ 100, 200 ಗ್ರಾಂ ಮೇಲೆ ಮಾರಲ್ಲ. ಇಬ್ಬರಿರೋ ಮನೆಗೆ ಎರಡು ಕೆಜಿ ಸಾಂಬಾರ್ ಪುಡಿ ಮಾರಿದರೆ ಮುಂದಿನ ವರ್ಷ ಆ ಗಿರಾಕಿ ವಾಪಸ್ ಬರಲ್ಲ, ಯಾಕಂದ್ರೆ ಹಳೇದೇ ಮುಗಿದಿರಲ್ಲ. ಮೂರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕಳಿಸಿದರೆ ದುಡ್ಡೂ ನಿಯಮಿತವಾಗಿ ಬರುತ್ತೆ. ಊರಿಂದ ನೆಂಟರಿಗೆ ಕಳಿಸೋದಾದರೂ ಇದೇ ಲೆಕ್ಕ.

ಕಾನೂನಿನ ವಿಷಯ ಚಿಕ್ಕದಾಗಿ. ರೈತ ತನ್ನ ಹೊಲದ ಮಟ್ಟದಲ್ಲಿ ಬೆಳೆದ ಬೆಳೆಗೆ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸಲ್ಲ. ಪುಡಿ ಮಾಡಿ, ಪ್ಯಾಕ್ ಮಾಡಿ ಮಾರೋಕೆ ಶುರು ಮಾಡಿದರೆ ನೀವು ಆಹಾರ ಉದ್ದಿಮೆದಾರ, ನೋಂದಣಿ ಬೇಕು. ಫಾಸ್‌ಕಾಸ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಮೊಬೈಲಿಂದಲೇ ಅರ್ಜಿ ಹಾಕಬಹುದು. ಸಿಗೋ 14 ಅಂಕಿಯ ಸಂಖ್ಯೆ, ತಯಾರಿಕೆ ದಿನಾಂಕ, ಎಕ್ಸ್‌ಪೈರಿ ಲೇಬಲ್ ಮೇಲೆ ಇರಲೇಬೇಕು.

ಕಪಾಟು ಖಾಲಿ ಮಾಡೋವಾಗ ಬಿತ್ತನೆ ಬೀಜದ ಪೊಟ್ಟಣವೂ ಸಿಗಬಹುದು. ದೊಡ್ಡಮ್ಮನ ಮನೆಯಲ್ಲಿ ಹಳೇ ಬಟ್ಟೆಯ ಗಂಟಲ್ಲಿ ಸೋರೆ, ಹೀರೆ, ಅವರೆ ಬೀಜ ಸಿಕ್ಕಿದವು, ನಮ್ಮ ಕಡೆ ಈಗ ಯಾರ ಹತ್ತಿರವೂ ಇಲ್ಲದ ಅವರೆ ತಳಿ. ಇಂಥದ್ದನ್ನ ಹಳೇದು ಅಂತ ಎಸೀಬೇಡಿ. ಬೀಜದ ತೇವಾಂಶ ಶೇ. 1ರಷ್ಟು ಕಡಿಮೆಯಾದರೆ ಅದರ ಆಯಸ್ಸು ಹೆಚ್ಚೂಕಡಿಮೆ ಎರಡರಷ್ಟಾಗುತ್ತೆ ಅನ್ನೋದು ಬೀಜಶಾಸ್ತ್ರದ ಹಳೇ ಲೆಕ್ಕ, ಹಾಗಾಗಿ ಒಣಗಿದ ಜಾಗದಲ್ಲಿದ್ದ ಗಂಟು ಬದುಕಿರೋ ಸಾಧ್ಯತೆ ಇದೆ. ಈರುಳ್ಳಿ ಬೀಜಕ್ಕೆ ಮಾತ್ರ ಒಂದು ವರ್ಷದ ಮೇಲೆ ಆಸೆ ಇಡಬೇಡಿ. ಅಡುಗೆ ಧನಿಯಾ, ಮೆಂತ್ಯ, ಸಾಸಿವೆಯನ್ನೂ ಸೊಪ್ಪಿಗೆ ಬಿತ್ತಿ ನೋಡಬಹುದು. ಜೀರಿಗೆ ನಮ್ಮ ಹವೆಗೆ ಒಗ್ಗಲ್ಲ, ಶ್ರಮ ದಂಡ.

ಒದ್ದೆ ಬಟ್ಟೆಯಲ್ಲಿ ನೂರು ಬೀಜ ಸಾಲಾಗಿ ಜೋಡಿಸಿ, ಸುತ್ತಿ, ನೆರಳಲ್ಲಿಡಿ, ಬಟ್ಟೆ ಆರದ ಹಾಗೆ ನೋಡಿಕೊಳ್ಳಿ. ಅಪರೂಪದ ತಳಿ ಆದರೆ ಹತ್ತೇ ಬೀಜ ಸಾಕು. ಏಳೆಂಟು ದಿನಕ್ಕೆ ಬಿಚ್ಚಿ ಎಣಿಸಿ, ಫೋಟೋ ತೆಗೆದಿಟ್ಕೊಳ್ಳಿ. ಎಪ್ಪತ್ತಕ್ಕೆ ಮೇಲೆ ಮೊಳೆತರೆ ಮಾಮೂಲಿ ಅಳತೆಯಲ್ಲಿ ಬಿತ್ತಿ, ನಲವತ್ತು ಐವತ್ತಾದರೆ ಅಳತೆ ಜಾಸ್ತಿ ಮಾಡಿ. ನಾಲ್ಕೇ ಮೊಳೆತರೂ ಆ ನಾಲ್ಕನ್ನ ಕುಂಡದಲ್ಲಿ ಬೆಳೆಸಿ ಬೀಜ ಮಾಡ್ಕೊಳ್ಳಿ. ದೊಡ್ಡಮ್ಮನ ಅವರೆ ಹತ್ತಕ್ಕೆ ಆರು ಮೊಳೆತಿದೆ, ಮುಂಗಾರು ಹಿಡಿದ ಮೇಲೆ ಬೇಲಿ ಸಾಲಿಗೆ ನಾಟಿ ಮಾಡ್ತೀನಿ.